ಚೀಟಿಯ ಮೇಲಿನ ಶ್ರೀ

...ಆ ಪತ್ರ ನಾನು ಬರೆದಿಲ್ಲ ಅನ್ನದೆ ಇನ್ನೇನಂತಾಳೆ, ಮಾರಾಯ್ತಿ? ನಾನೇ ಬರೆದೆ ಅಂತ ಒಪ್ಕೊಳ್ಳೋಕೆ ವಿದ್ಯಾಶ್ರೀಗೇನು ಹುಚ್ಚಾ? ಭದ್ರಾವತಿ ತನಕ ಹೋಗಿ ಕೇಳ್ಬೇಡ ಅಂದೆ, ಅಪ್ಪನ ಮಾತು ನೀನು ಕೇಳ್ಲಿಲ್ಲ. ಬೈದ್ಯಾ? ಅತ್ಲಾ? ಅಳ್ಲಿ ಬಿಡು. ಕೂತ್ಕೋ ಗಗನಾ, ಮಂಡಿ ಮೇಲೆ ಭಾರ ಹಾಕ್ಬೇಡ. ಚೀಲ ಯಾಕೆ ಖಾಲಿ? ಬರ್ತಾ ಸಾಮಾನು ತಗೊಂಡ್ ಬಾ ಅಂದಿದ್ದೆನಲ್ಲ...

ಹಾಗ್ಯಾಕೆ ನೋಡ್ತೀಯ? ಮೂವತ್ತನಾಲ್ಕು ವರ್ಷ ಸಂಸ್ಕೃತ ಮೇಷ್ಟ್ರಾಗಿದ್ದೋನು ನಾನು. ಕಾಪಿ ಹೊಡೆಯೋರ ಮುಖ ನೋಡಿದ್ರೇ ಗೊತ್ತಾಗುತ್ತೆ ನಂಗೆ. ನೀನೇ ಯೋಚನೆ ಮಾಡು. ಎಡಮಂಡಿ ಹಾಳಾಗಿರೋದು ಯಾರಿಗೆ ಗೊತ್ತಿತ್ತು? ನಿಂಗೆ, ನಂಗೆ, ನಿನ್ನ ಜೊತೆ ಆಡೋ ಅವಳಿಗೆ. ಡಾಕ್ಟ್ರಿಗಂತೂ ಬರೆಯೋ ಕೆಲಸ ಇಲ್ಲ. ನೆಟ್‌ಬಾಲ್ ಸಂಘಕ್ಕೆ ಹೆಸರಿಲ್ಲದ ಪತ್ರ ಹೋಯ್ತು, ನಿನ್ನನ್ನ ಇಂಡಿಯಾ ಟೀಮಿಂದ ತೆಗೆದ್ರು. ಗೋಲ್ ಶೂಟರ್ ಜಾಗಕ್ಕೆ ಯಾರು ಬಂದ್ರು? ಅವಳೇ. ಇನ್ನೇನು ಸಾಕ್ಷಿ ಬೇಕು ನಿಂಗೆ?

ನಗ್ತೀಯಾ? ನಗು, ನಗು. ಆ ಕೋಚ್ ಹಾಲೇಶ್ ಮೇಲೂ ನಂಗೆ ಅನುಮಾನ ಇದೆ. ಅವರೂ ಭದ್ರಾವತಿಯೋರೇ. ಟೈಪ್ ಮಾಡ್ಸಿರೋದು ನೋಡು, ಕೈಬರಹ ಸಿಕ್ಕಬಾರದು ಅಂತ. ಕೆಳಗೆ ಸಹಿ ಬೇರೆ, 'ಹಿತೈಷಿ' ಅಂತ.

ನನ್ನ ಮೇಲೆ ರೇಗ್ಬೇಡ ನೀನು. ಐದೂವರೆಗೆ ಎಬ್ಬಿಸಿ ದುರ್ಗಿಗುಡಿಯಿಂದ ಭದ್ರಾವತಿ ಗ್ರೌಂಡಿಗೆ ಸ್ಕೂಟರಲ್ಲಿ ಕರ್ಕೊಂಡ್ ಹೋದೋನು ಯಾರು? ನನ್ನ ಬೆನ್ನಿಗೆ ತಲೆ ಕೊಟ್ಟು ದಾರಿ ತುಂಬ ನಿದ್ದೆ ಹೊಡೀತಿದ್ದೆ. ನೆಟ್‌ಬಾಲ್ ಅಂದ್ರೆ ವಾಲಿಬಾಲಾ ಮೇಷ್ಟ್ರೇ ಅಂದೋರಿಗೆಲ್ಲ ಬೀದೀಲಿ ನಿಂತು ಪಾಠ ಮಾಡಿದೀನಿ. ಚೆಂಡು ಹಿಡ್ಕೊಂಡು ಓಡೋ ಹಾಗಿಲ್ಲ, ಮೂರು ಸೆಕೆಂಡಲ್ಲಿ ಕೈಬಿಡಬೇಕು, ಅಂತೆಲ್ಲ. ಇಂಡಿಯಾ ಜರ್ಸಿ ಹಾಕ್ಕೊಂಡು ಸೋಗಾನೆ ಏರ್‌ಪೋರ್ಟಲ್ಲಿ ನೀನು ಇಳಿದಾಗ ಹಾರ ಹಿಡ್ಕೊಂಡು ನಿಂತೋನೂ ನಾನೇ.

ಆಮೇಲೆ ನೀನು ಬ್ಯಾಂಕಾಕಲ್ಲಿ ಆಡಿ, ಮಂಡಿ ತಿರುಚ್ಕೊಂಡು ಬಂದೆ. ಮೆಟ್ಟಿಲಿಳಿಯೋಕೆ ಕಂಬಿ ಹಿಡ್ಕೊಂಡೆ. ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳ್ತಿದ್ದೆ, ನೀರಿನ ಸದ್ದಲ್ಲಿ ಅಪ್ಪಂಗೆ ಕೇಳಲ್ಲ ಅನ್ಕೊಂಡು. ಕೇಳ್ತಿತ್ತು ಕಣೇ. ಇನ್ನೊಂದ್ಸಲ ತಿರುಚಿದ್ರೆ ಜೀವನಪೂರ್ತಿ ಕುಂಟಬೇಕು ಅಂತ ಡಾಕ್ಟ್ರು ಹೇಳಿದ್ರೂ ಶೂ ಕಟ್ಕೊಂಡು ಹೊರಟೆ. ಒಂದು ರೀತಿ ನೋಡಿದ್ರೆ ಆ ಪತ್ರ ಬರೆದೋರು... ಇಲ್ಲ ಇಲ್ಲ, ನಾನು ಅವರ ಪರ ಮಾತಾಡ್ತಿಲ್ಲ.

ಪರ್ಸಲ್ಲಿ ಏನು ಹುಡುಕ್ತಿದೀಯ? ಓ, ನಾನು ಕೊಟ್ಟ ಸಾಮಾನಿನ ಚೀಟಿ. ಅಂಗಡಿ ತನಕ ಹೋಗಿ ಸುಮ್ನೆ ಬಂದ್ಯಾ? ತೊಗರಿಬೇಳೆ, ಬೆಲ್ಲ, ಜೀರಿಗೆ... ಎಲ್ಲಾ ಸರಿಯಾಗೇ ಬರೆದಿದೀನಲ್ಲ. ಅದನ್ಯಾಕೆ ಫೋನ್ ಪಕ್ಕ ಇಡ್ತೀಯ? ಸಂಘದೋರು ಕಳಿಸಿದ ಆ ಪತ್ರದ ಫೋಟೋನ ಎಷ್ಟು ಸಲ ನೋಡೋದು?

ಮೇಲ್ಗಡೆ ನೋಡ್ಬೇಕಾ? ಶ್ರೀ ಅಂತಿದೆ. ಆ ಕಡೆ ಎರಡು ಗೆರೆ, ಈ ಕಡೆ ಎರಡು ಗೆರೆ. ಹೌದು, ಕಾಗದದ ತಲೆಮೇಲೆ ಶ್ರೀ ಬರೀದೆ ನಾನು ಒಂದಕ್ಷರ ಬರೆದೋನಲ್ಲ, ಜೀರಿಗೆ ಚೀಟಿಗೂ. ಏನೀಗ?

ಪತ್ರದಲ್ಲೂ... ಇದೆ. ಗೆರೆ ಸಮೇತ ಇದೆ. ಅದು... ಅವಳ ಹೆಸರಲ್ಲೇ ಶ್ರೀ ಇದೆಯಲ್ಲ, ಅದಕ್ಕೆ ಅವಳು...

ಆ ಚೀಟಿ ಮಡಚಿ ಇಡೇ.

ನಾನು ಬರೆದ್ಕೊಟ್ಟಿದ್ದನ್ನ ಟೈಪ್ ಮಾಡಿದ ನಿಶಾಂತನಿಗೆ ಮೇಲಿನ ಆ ಸಾಲು ಬಿಡು ಅಂತ ಹೇಳ್ಲಿಲ್ಲ ನಾನು. ನನ್ನ ಕಣ್ಣಿಗೇ ಬೀಳಲ್ಲ ಗಗನಾ ಅದು, ಅಷ್ಟು ರೂಢಿ. ನಿನ್ನ ಕಾಲೊಂದು ಉಳೀಲಿ ಅಂತಷ್ಟೇ... ಅವಳ ಹೆಸರು ಹೇಳ್ಬಾರ್ದಿತ್ತು. ಹೆದರಿಕೆ ಆಯ್ತು ನಂಗೆ, ನೀನು ಮಾತು ಬಿಡ್ತೀಯ ಅಂತ.

ಯಾರಿಗೆ ಫೋನ್ ಮಾಡ್ತಿದೀಯ? ಬೇಡ. ನನ್ನ ಕೈಗ್ಯಾಕೆ ಕೊಡ್ತೀಯ? ರಿಂಗಾಗ್ತಿದೆ... ಗಗನಾ, ನಿಲ್ಲು, ಒಳಗೆ ಹೋಗ್ಬೇಡ...

ಹಲೋ. ವಿದ್ಯಾಶ್ರೀನಾ? ಅಳ್ಬೇಡಮ್ಮ. ನಾನು, ಗಗನಾಳ ಅಪ್ಪ, ಜನಾರ್ದನ ಮೇಷ್ಟ್ರು. ಆ ಪತ್ರ...