ಬೆಕ್ಕಿನ ಪಾಲು

ಹಲ್ಲುನೋವಿಗೆ ಕೆನ್ನೆ ಒತ್ತಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದರ್ಜಿಯ ಕಿವಿಯೆಲ್ಲ ಪಕ್ಕದ ಅತ್ತೆ, ಸೊಸೆಯ ಮಾತಿನ ಮೇಲೆಯೇ ಇತ್ತು. ಅವರದು ಕೊಳದಲ್ಲಿ ಮೀನು ಸಾಕುವ ಮನೆ. ಸೊಸೆ ಬಸುರಿ.

“ಡಾಕ್ಟ್ರಮ್ಮ ಹೇಳಿದ್ದು ಕೇಳಿದ್ರಲ್ಲ ಅತ್ತೆ? ರಕ್ತ ಸಾಲದಂತೆ. ಸಣ್ಣ ಮೀನನ್ನ ತಲೆ, ಮುಳ್ಳು ಸಮೇತ ತಿನ್ನಬೇಕಂತೆ.”

“ದಪ್ಪ ಮೀನಿನ ನಡು ತುಂಡು ನಿನಗೇ ಅಂತ ಎತ್ತಿಡ್ತಿದ್ದೆನಲ್ಲೇ!”

“ಬಲೆಗೆ ಬಿದ್ದ ಸಣ್ಣವನ್ನೆಲ್ಲ ಬೆಕ್ಕಿಗೆ ಹಾಕ್ತಿದ್ರಿ.”

“ಅದಕ್ಕೇ ಅದು ಗೋಡೆ ಹಾರುತ್ತೆ, ನೀನು ಮೆಟ್ಟಿಲು ಹತ್ತೋಕೂ ಏದುಸಿರು ಬಿಡ್ತೀಯ!”

“ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡ್ರೆ?”

“ಗರಿಗರಿಯಾಗಿ ಹುರಿದು ಕೊಡ್ತೀನಿ, ಮುಳ್ಳಿತ್ತು ಅಂತಾನೇ ಗೊತ್ತಾಗಲ್ಲ. ಏಳು.”

“ಪಾಪ, ಬೆಕ್ಕಿಗೆ?”

ಅತ್ತೆ ಸೊಸೆಯ ತೋಳು ಹಿಡಿದೆಬ್ಬಿಸಿ ಬಾಗಿಲತ್ತ ಹೊರಟಳು.

“ಮೊಮ್ಮಗು ಹುಟ್ಟೋವರೆಗೂ ಇಲಿ ಹಿಡೀಲಿ.”