ಅಕ್ರಂ ಭಾಯಿ ಹಂಚಿದ ಲಾಡು

ಹೆಸರು ಜಲಜಾಕ್ಷಿ, ವಯಸ್ಸು 57, ಗೃಹಿಣಿ, ಊರು ಉಡುಪಿ ಜಿಲ್ಲೆಯ ಕಾಪು, ಸದ್ಯ ವಾಸ ದುಬೈ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಮಗನ ಫ್ಲ್ಯಾಟ್ ನಂಬರ್ 206. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು, ದುಭಾಷಿ ದ್ವಾರಕನಾಥರ ಎದುರು ಈ ಮೂಲಕ ತಿಳಿಸುವುದೇನೆಂದರೆ:

ಪಕ್ಕದ 207ರಲ್ಲಿ ಪಾಕಿಸ್ತಾನದ ಅಕ್ರಂ, ಅವರ ಹೆಂಡತಿ ನಸ್ರೀನ್ ಮತ್ತು ಇಬ್ಬರು ಮಕ್ಕಳಿದ್ದಾರೆ. ಅಕ್ರಂ ಒಂದು ಕಂಪನಿಯ ಬಸ್ ಡ್ರೈವರ್. ದಿನಾಂಕ 27-2-2019ರಂದು ಬೆಳಿಗ್ಗೆ ಆರಕ್ಕೆ ನನ್ನ ಸೊಸೆ ಭವ್ಯಶ್ರೀಗೆ ಏಳು ತಿಂಗಳಿಗೇ ಹೆರಿಗೆ ನೋವು ಬಂತು. ಮಗ ಹರ್ಷಿತ್ ಕೆಲಸದ ಮೇಲೆ ಅಬುಧಾಬಿಯಲ್ಲಿದ್ದ. ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದದ್ದು ಅಕ್ರಂ. ಹತ್ತು ಗಂಟೆಗೆ ಹೆಣ್ಣು ಮಗು ಹುಟ್ಟಿತು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಸಿರಾಡುತ್ತಿದೆ ಎಂದು ನರ್ಸ್ ಹೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ.

ಹೆರಿಗೆಯಾದ ಮನೆಗೆ ನಮ್ಮಲ್ಲಿ ಅಮೆ, ಅಂದರೆ ಸೂತಕ. ಅದು ಕಳೆಯುವ ತನಕ ನಮ್ಮ ಕೈಯಿಂದ ಯಾರಿಗೂ ಸಿಹಿ ಕೊಡುವಂತಿಲ್ಲ. ಆದ್ದರಿಂದ ನಸ್ರೀನ್ ತನ್ನ ಮನೆಯಲ್ಲೇ ಲಾಡು ಕಟ್ಟಲಿ, ನೀವು ಮಹಡಿಯವರಿಗೆಲ್ಲ ಹಂಚಿ ಎಂದು ಅಕ್ರಂಗೆ ನಾನೇ ಹೇಳಿದೆ. ಮಗುವಿಗೆ ದೃಷ್ಟಿ ತಾಗಬಾರದು, ಹೆಸರಿಡುವವರೆಗೆ ವಿಷಯ ಹೇಳಬೇಡಿ ಎಂದೂ ಮಾತು ತೆಗೆದುಕೊಂಡೆ. "ಆಪ್ ಫಿಕರ್ ಮತ್ ಕರೋ, ಖಾಲಾ", ಅಂದರೆ ಚಿಂತೆ ಬೇಡ ಚಿಕ್ಕಮ್ಮ, ಎಂದರು.

ಅಂದೇ ನಮ್ಮ ದೇಶದ ಪೈಲಟ್ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಿದ್ದರು. ಆಸ್ಪತ್ರೆಯಲ್ಲಿದ್ದ ನನಗದು ತಿಳಿದಿರಲಿಲ್ಲ. ಅಕ್ರಂಗೆ ತಿಳಿದಿತ್ತೋ ಇಲ್ಲವೋ ಹೇಳಲಾರೆ. ಸಂಜೆ ನಾಲ್ಕಕ್ಕೆ ಅವರು ಖುಷಿಯ ದಿನ, ಬಾಯಿ ಸಿಹಿ ಮಾಡಿಕೊಳ್ಳಿ ಎನ್ನುತ್ತಾ ಬಾಗಿಲು ಬಾಗಿಲಿಗೆ ಹೋದರು. ಯಾರೋ ಹಿಂದಿನಿಂದ ವಿಡಿಯೊ ತೆಗೆದರು. ಅದಕ್ಕೆ ಯಾವುದೋ ನಾಯಕರ ಯುದ್ಧದ ಭಾಷಣ ಸೇರಿಸಿ, ನಮ್ಮ ಪೈಲಟ್ ಸಿಕ್ಕಿಬಿದ್ದದ್ದಕ್ಕೆ ಶತ್ರು ಸಿಹಿ ಹಂಚುತ್ತಿದ್ದಾನೆ ಎಂದು ಬರೆದು ನಮ್ಮೂರಿನವರ ವಾಟ್ಸಾಪ್ ಗುಂಪಿಗೆ ಹಾಕಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! ಲಾಡು ತಿಂದ ಕೈಯಲ್ಲೇ ದೂರು ಕೊಟ್ಟರು. ಆಸ್ಪತ್ರೆಗೆ ಓಡಿ ಬಂದ ನನ್ನ ಮಗ, ಮಗುವಿನ ಕೋಣೆಯ ಹೊರಗೆ ನಿಂತು, ಅದೇ ವಿಡಿಯೊವನ್ನು ಇನ್ನೂ ಮೂರು ಗುಂಪಿಗೆ ಕಳಿಸಿದ. ಅದು ಅವನ ಮಗಳ ಲಾಡು ಎಂದು ಅವನಿಗೆ ಗೊತ್ತಿರಲಿಲ್ಲ.

28ರಂದು ಅಕ್ರಂರನ್ನು ವಿಚಾರಣೆಗೆ ಕರೆತಂದರು. ಕೇಸು ನಿಂತರೆ ವೀಸಾ ರದ್ದು ಎಂದು ಕಂಪನಿಯವರು ಹೇಳಿದ್ದಾರಂತೆ. ಖಾಲಾಗೆ ಮಾತು ಕೊಟ್ಟಿದ್ದೇನೆ, ಮಗುವಿನ ವಿಷಯ ಎತ್ತಬೇಡ ಎಂದು ಅವರು ಹೆಂಡತಿಗೂ ಹೇಳಿದ್ದಾರೆ. ನಸ್ರೀನ್ ನನ್ನ ಕಾಲ ಬಳಿ ಕುಳಿತು ಅತ್ತಳು. ನಾನು ಮಗನಿಗೆ ಎಲ್ಲವನ್ನೂ ಹೇಳಿ ಠಾಣೆಗೆ ಬಾ ಎಂದೆ. "ಅಮ್ಮ, ಈಗ ಮಾತಾಡಿದ್ರೆ ನನ್ನನ್ನೂ ದೇಶದ್ರೋಹಿ ಅಂತ ಹೇಳ್ತಾರೆ. ನೀನೊಮ್ಮೆ ಸುಮ್ಮನೆ ಕೂತ್ಕೊ" ಎಂದ.

ನನ್ನನ್ನು ಇಲ್ಲಿಗೆ ಕರೆತಂದವರು ಮೇಲಿನ ಮಹಡಿಯ ಮಂಗಳೂರಿನ ಆನ್ಸೆಲ್ಮ್. ಹಿಂದಿನ ಮಹಾಯುದ್ಧದಲ್ಲಿ ಅವರೂರಿನ ಜರ್ಮನ್ ಪಾದ್ರಿಯ ಸಂಸಾರವನ್ನು ಬ್ರಿಟಿಷರು ಶತ್ರುಗಳೆಂದು ಹಿಡಿದೊಯ್ದಾಗ, ಅವರಿಂದ ಮದ್ದು ಪಡೆದ ಮನೆಯವರೇ ಕಿಟಕಿ ಮುಚ್ಚಿಕೊಂಡರೆಂದು ಅವರ ಅಜ್ಜಿ ಹೇಳುತ್ತಿದ್ದರಂತೆ. "ಅದರಲ್ಲಿ ನಮ್ಮದೂ ಒಂದು ಕಿಟಕಿ ಇತ್ತು ಜಲಜಕ್ಕ" ಎಂದರು.

ಪೈಲಟ್ ನಿನ್ನೆ ಬಿಡುಗಡೆಯಾಗಿ ನಮ್ಮ ದೇಶ ಸೇರಿದರು. ಅಕ್ರಂ ಭಾಯಿ ಇನ್ನೂ ಮನೆ ಸೇರಿಲ್ಲ. ಹೆಸರಿಡದ ಮಗುವಿನ ಸುದ್ದಿ ಇಷ್ಟು ಜನರ ಮುಂದೆ ಹೇಳಿದೆ. ನನಗೆ ಭಯವಾಗುತ್ತಿದೆ. ಆದರೂ ಅವರನ್ನು ಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ನಿಮ್ಮ ಮೇಜಿನ ಮೇಲಿರುವ ಸ್ಟೀಲ್ ಡಬ್ಬಿ ನನ್ನದು. ಹಿಂದಿನ ವಾರ ಅದರಲ್ಲಿ ನಸ್ರೀನ್‌ಗೆ ನೀರುದೋಸೆ ಕಳಿಸಿದ್ದೆ. ಖಾಲಿ ಡಬ್ಬಿ ಹಿಂದೆ ಕೊಡಬಾರದೆಂದು ಅವಳು ಇಟ್ಟುಕೊಂಡಿದ್ದಳು. ಅಕ್ರಂ ಲಾಡು ತುಂಬಿ ಹಂಚಿದ್ದು ಅದರಲ್ಲೇ. ಮುಚ್ಚಳದ ಮೇಲೆ ಕನ್ನಡದಲ್ಲಿ ನನ್ನ ಹೆಸರು ಕೊರೆದಿದೆ. ವಿಡಿಯೊದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಆ ಗುಂಪಿನಲ್ಲಿ ಕನ್ನಡ ಬಾರದವರು ಒಬ್ಬರೂ ಇಲ್ಲ. ನನ್ನ ಮಗ ಅಕ್ಷರ ಕಲಿಯುವಾಗ ಮೊದಲು ಕೂಡಿಸಿ ಓದಿದ್ದು ಅದೇ ಮುಚ್ಚಳದ ಹೆಸರನ್ನು.

ಬರೆದದ್ದನ್ನು ದುಭಾಷಿ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ಸಹಿಯನ್ನು ಕನ್ನಡದಲ್ಲೇ ಹಾಕಿದ್ದೇನೆ. ಡಬ್ಬಿಯ ಪಕ್ಕ ಇಟ್ಟು ನೋಡಿ.

ಸ್ಥಳ: ದುಬೈ
ದಿನಾಂಕ: 2-3-2019
(ಸಹಿ) ಜಲಜಾಕ್ಷಿ