ಮೇಷ್ಟ್ರ ಮಗಳ ಕ್ಯಾಸೆಟ್ಟು

ಸ್ವಲ್ಪ ಮೆಲ್ಲಗೆ ಮಾತಾಡೋಣ. ಉಮೇರ್ ಮನೆ ಈ ಗೋಡೆ ಆಚೆಗೇ ಇರೋದು. ನಾನು ಇದನ್ನ ಹೇಳ್ತಿದೀನಿ ಅಂತ ಗೊತ್ತಾದ್ರೆ ಬೇಜಾರ್ ಮಾಡ್ಕೋತಾನೆ. ಕಟ್ಟಿ ಹೇಳ್ತಿರೋದಲ್ಲ ಕಣ್ರೀ... ಅರ್ಧ ಅವನ ಹೆಂಡ್ತಿ ಫಿಜಾ ಬಾಯಲ್ಲಿ ಕೇಳಿದ್ದು, ಇನ್ನರ್ಧ ನಾನೇ ಎದುರಿಗೆ ನಿಂತು ನೋಡಿದ್ದು.

ಹೋದ ವರ್ಷ, ಮಳೆ ಹಿಡಿಯೋಕೆ ಮುಂಚೆ. ಗುಬ್ಬಿಯಿಂದ ತುಮಕೂರು, ತುಮಕೂರಿಂದ ಕುಣಿಗಲ್ಲು... ಎರಡು ಬಸ್ ಹತ್ತಿ ಇಳಿಯೋ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿತ್ತು. ಆಟೋ ಒಂದೂ ಇಲ್ಲ. ಹುಲಿಯೂರುದುರ್ಗದ ರೋಡ್ ಹಿಡಿದು ಉಮೇರ್ ನಡ್ಕೊಂಡು ಬರ್ತಿದ್ದ. ಹೆಗಲ ಮೇಲೆ ದೊಡ್ಡ ಬ್ಯಾಗು. ಬ್ಯಾಗೊಳಗೆ ಬೆಡ್‌ಶೀಟ್ ಸುತ್ತಿದ ಒಂದು ಹಳೇ ಕಂಪ್ಯೂಟರು.

ನಮ್ಮ ಬೀದಿಗೆ ತಿರುಗೋ ಮುಂಚೆ ಆ ಪಾಳು ಬಾವಿ ಇದ್ಯಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿರೋದು... ಅಲ್ಲಿಗೆ ಬಂದಾಗ ಕೇಳಿಸ್ತು.

ಟಕ್.

ಉಮೇರ್ ನಿಂತ.

ಟಕ್... ಟಕ್ ಟಕ್.

ಸದ್ದು ಬಾವಿಯಿಂದ ಅಲ್ಲ. ಹೆಗಲ ಮೇಲಿಂದ. ಬ್ಯಾಗೊಳಗೆ ಯಾರೋ ಕೀ ಒತ್ತಿದಂಗೆ. ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ ಒತ್ತಿದಂಗೆ.

ನಡಿಯುವಾಗ ಅಲ್ಲಾಡಿ ಒತ್ಕೊಂಡಿರ್ಬೇಕು ಅನ್ಕೊಂಡ. ಬ್ಯಾಗನ್ನ ಎದೆಗೆ ಅವಚ್ಕೊಂಡು ಹೆಜ್ಜೆ ಹಾಕ್ದ. ಆಗ ಹಿಂದೆ... ಪಚ್. ಪಚ್. ಪಚ್. ಬರಿಗಾಲು. ಒದ್ದೆ ಕಾಲು. ರೋಡೆಲ್ಲಾ ಒಣ ಧೂಳು, ಮಳೆ ಬಿದ್ದು ತಿಂಗಳ ಮೇಲಾಗಿತ್ತು.

ಇವನು ನಿಂತ್ರೆ ಅದೂ ನಿಲ್ಲೋದು.

ತಿರುಗಿ ನೋಡ್ಲಿಲ್ಲ. ಬಾಯಿಗೆ ಬಂದ ಕುರಾನಿನ ಸೂರಾ ಎಲ್ಲ ಹೇಳ್ಕೊಂಡು ಮನೆ ಸೇರ್ದ. ಫಿಜಾ ಬಾಗಿಲು ತೆಗೆದ್ಲು. ಅವರು ಮನೇಲಿ ಉರ್ದು ಆಡ್ತಾರೆ, ನಾನು ನಮ್ಮ ಮಾತಲ್ಲೇ ಹೇಳ್ತೀನಿ.

"ಹಿಂದೆ ಯಾರು ಆ ಹುಡುಗಿ?"

"ಯಾವ ಹುಡುಗಿ?"

"ಎರಡು ಜಡೆ..." ಅಂತ ಫಿಜಾ ಅವನ ಹೆಗಲಾಚೆ ಬಗ್ಗಿದ್ಲು. ಬೀದಿ ಖಾಲಿ.

"ಬಾಗಿಲು ಹಾಕು" ಅಂದ ಉಮೇರ್.

ಆ ಕಂಪ್ಯೂಟರ್ ಅವನ ಕೈಗೆ ಸೇರೋ ಹಂಗೆ ಮಾಡಿದ್ದು ನಾನೇ. ಅದನ್ನೂ ಹೇಳ್ಬೇಕು.

ಬಸ್‌ಸ್ಟ್ಯಾಂಡ್ ಹತ್ರ ಉಮೇರ್‌ಗೆ ಮೊಬೈಲ್ ರಿಪೇರಿ ಅಂಗಡಿ ಇದೆ. ಅದು ಹೊಟ್ಟೆಪಾಡು. ಹುಚ್ಚು ಮಾತ್ರ ಹಳೇ ಮಿಷನ್‌ಗಳದ್ದು. ವಾಲ್ವ್ ರೇಡಿಯೋ, ಟೇಪ್ ರೆಕಾರ್ಡರು, ಟೀವಿಗೆ ಸಿಗಿಸಿ ಕ್ಯಾಸೆಟ್ಟಿಂದ ಓಡಿಸ್ತಿದ್ದ ಕಾಲದ ಕಂಪ್ಯೂಟರು. ತುಮಕೂರು ಹತ್ರ ಸತ್ಯಮಂಗಲದ ಒಂದು ಫ್ಯಾಕ್ಟರೀಲಿ ಕೆಲಸ ಮಾಡೋ ಮಲ್ಲಿಕಾರ್ಜುನ್ ಅಂತ ಅವನ ಫ್ರೆಂಡು. ಭಾನುವಾರ ಬಂತು ಅಂದ್ರೆ ಇಬ್ರೂ ತುಮಕೂರಿನ ಗುಜರಿ ಅಂಗಡಿಗಳಲ್ಲೇ ಇರೋರು. ನಲವತ್ತು ವರ್ಷದಿಂದ ಸತ್ತು ಬಿದ್ದಿರೋ ಡಬ್ಬ ಒಂದು ಪಿಳಿಪಿಳಿ ಅಂದ್ರೆ ಸಾಕು, ರಾತ್ರಿನೇ ನನ್ನ ಬಾಗಿಲು ಬಡಿಯೋನು. "ಚೆನ್ನಮ್ಮಕ್ಕಾ, ಬನ್ನಿ, ಜೀವ ಬಂತು!"

ನಾನು ಓದಿದ್ದು ಗುಬ್ಬೀಲಿ. ನಮಗೆ ಲೆಕ್ಕ ಹೇಳ್ಕೊಟ್ಟೋರು ಮಹಾಲಿಂಗಯ್ಯ ಮೇಷ್ಟ್ರು. ಗುಬ್ಬೀಲಿ ಯಾರೂ ಕಂಪ್ಯೂಟರ್ ಅಂತ ಹೆಸರೂ ಕೇಳದೇ ಇರೋವಾಗ ಬೆಂಗಳೂರಿಂದ ಒಂದು ತಂದು ಮನೇಲಿ ಇಟ್ಟಿದ್ರು. ಅವರ ಮಗಳು ಸುಮನಾ ನನಗಿಂತ ಒಂದು ಕ್ಲಾಸ್ ಮುಂದೆ. ಹದಿನಾಲ್ಕು ವರ್ಷ. ಸ್ಕೂಲ್ ಬಿಟ್ಟ ತಕ್ಷಣ ಅದರ ಮುಂದೆ ಕೂತ್ಕೊಳ್ಳೋಳು. ಒಂದಿನ ಸಂಜೆ ಮಳೇಲಿ ನೆನೆದು ಬಂದ್ಲು. ಆಮೇಲೆ ಮನೆಯೋರು ನೋಡಿದಾಗ ಮೇಜಿನ ಕೆಳಗೆ ಬಿದ್ದಿದ್ಲು... ಆ ಹೊತ್ತಿಗೆ ಊರಲ್ಲೆಲ್ಲಾ ಕರೆಂಟ್ ಹೋಗಿತ್ತು. ಹಂಗಾಗಿ ಕಂಪ್ಯೂಟರ್ ಕಡೆ ಯಾರ ಮನಸ್ಸೂ ಹೋಗ್ಲಿಲ್ಲ. ಎದೆ ನಿಂತುಹೋಗಿದೆ ಅಂದ್ರು ಡಾಕ್ಟ್ರು. ಅವತ್ತು ಬೆಡ್‌ಶೀಟ್ ಸುತ್ತಿಟ್ಟ ಕಂಪ್ಯೂಟರ್‌ನ ಮೇಷ್ಟ್ರು ಮತ್ತೆ ಬಿಚ್ಚಲಿಲ್ಲ.

ಹೋದ ವರ್ಷ ಒಂದು ಮದುವೇಲಿ ಸಿಕ್ಕಿದ್ರು. ಎಪ್ಪತ್ತೆಂಟು ವರ್ಷ. ಮಗ, ಸೊಸೆ, ಹೆಂಡ್ತಿ, ಎಲ್ಲ ಜೊತೇಲೇ ಇದಾರೆ. ನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ಹೇಳಿದ್ರು.

"ನಮ್ಮ ಸುಮನಾ ಒಂದು ಕ್ಯಾಸೆಟ್ ಮಾಡಿಟ್ಟಿದ್ಲಮ್ಮ. ಮೇಲೆ ಅವಳ ಕೈಯಲ್ಲೇ 'ಅಪ್ಪನಿಗೆ' ಅಂತ ಬರೆದಿದಾಳೆ. ಏನೋ ಪ್ರೋಗ್ರಾಮು. ನಾನು ಇವತ್ತಿನವರೆಗೂ ನೋಡಿಲ್ಲ. ನನ್ನ ಕಣ್ಣು ಮಂಜಾಗ್ತಾ ಬಂತು... ಪೂರ್ತಿ ಹೋಗೋಕ್ ಮುಂಚೆ ಒಂದ್ಸಲ ನೋಡ್ಬೇಕು."

ಉಮೇರ್ ನಂಬರ್ ಕೊಟ್ಟೋಳು ನಾನು. ಅವನು ಹೋಗಿ ಕಂಪ್ಯೂಟರು, ಕ್ಯಾಸೆಟ್ಟು ಎರಡನ್ನೂ ಎತ್ಕೊಂಡು ಬಂದಿದ್ದು ಆ ರಾತ್ರಿ.

ಮಾರನೇ ದಿನ ಬೆಳಕಲ್ಲಿ ಬ್ಯಾಗ್ ಬಿಚ್ಚಿದಾಗ ಎಲ್ಲಾ ಮಾಮೂಲಿ. ಭಯ ಪಟ್ಟಿದ್ದಕ್ಕೆ ಅವನಿಗೇ ನಾಚಿಕೆ ಆಯ್ತಂತೆ. ಕಂಪ್ಯೂಟರ್ ಒಳಗೆ ಕೆಪಾಸಿಟರ್‌ಗಳು ಉಬ್ಬಿದ್ವು, ಬದಲಾಯಿಸ್ದ. ಕೀಗಳಿಗೆಲ್ಲ ಧೂಳು, ಒಂದೊಂದೇ ಬಿಚ್ಚಿ ಒರೆಸ್ದ. ಕರೆಂಟ್ ಕೊಡೋಕೆ ಬೇರೆ ಒಂದು ಡಬ್ಬ ಇತ್ತು, ತಗಡಿಂದು, ಇಟ್ಟಿಗೆ ಗಾತ್ರದ್ದು. ಸ್ಕ್ರೂ ತುಕ್ಕು ಹಿಡಿದು ಬಿಚ್ಚೋಕೆ ಬರ್ಲಿಲ್ಲ. ಮೀಟರ್ ಇಟ್ಟು ನೋಡ್ದ, ಕರೆಂಟ್ ಸರಿಯಾಗಿ ಬರ್ತಿತ್ತು. ಇರ್ಲಿ ಬಿಡು ಅಂತ ಸುಮ್ನಾದ.

ಹತ್ತು ಹನ್ನೆರಡು ದಿನ ಆಯ್ತು. ಮಳೆ ಹಿಡೀತು. ಗೋಡೆ ಎಲ್ಲ ಥಂಡಿ.

ಅವತ್ತು ರಾತ್ರಿ ಊಟ ಮಾಡಿ, ಕೈ ತೊಳ್ಕೊಂಡು, ಒರೆಸ್ಕೊಳ್ದೆ ಹಂಗೇ ಹಿಂದಿನ ರೂಮಿಗೆ ಹೋದ. ಬರಿಗಾಲು. ಕ್ಯಾಸೆಟ್ ಇವತ್ತು ಓಡಿಸೇಬಿಡೋಣ ಅಂತ. ಸ್ವಿಚ್ ಹಾಕ್ದ. ಡಬ್ಬ ಗುಂಯ್... ಅಂತು. ವೈರ್ ಎಳೀತಿದೆ, ಡಬ್ಬನ ಸ್ವಲ್ಪ ಹತ್ರಕ್ಕೆ ಜರುಗಿಸೋಣ ಅಂತ ಕೈ ಚಾಚ್ದ.

ಒಂದು ಗೇಣು ದೂರ ಇತ್ತು.

ಮಣಿಕಟ್ಟು ಹಿಡೀತು ಒಂದು ಕೈ. ಸಣ್ಣ ಕೈ... ಐಸ್ ಥರ ತಣ್ಣಗೆ. ಒದ್ದೆ.

"ಅಣ್ಣ... ಬೇಡ."

ಕಿತ್ಕೊಳ್ಳೋಕೆ ನೋಡ್ದ, ಆಗ್ಲಿಲ್ಲ. ಅಷ್ಟರಲ್ಲಿ ಪಟ್ ಅಂತ ಕರೆಂಟ್ ಹೋಯ್ತು. ಕತ್ತಲೆ. ಹೊರಗೆ ಶೀಟಿನ ಮೇಲೆ ಮಳೆ ಪಟಪಟಪಟ ಅಂತಿದೆ. ಕೈ ಹಂಗೇ ಹಿಡ್ಕೊಂಡಿದೆ.

ಇವನು ಉಸಿರಲ್ಲೇ ಕೇಳ್ದ, "ಯಾರು?"

"ಸುಮನಾ."

"ಏನ್... ಏನ್ ಬೇಕು?"

"ಅಪ್ಪಂಗೆ ಹೇಳ್ಬೇಡಣ್ಣ."

"ಏನ್ ಹೇಳ್ಬಾರ್ದು?"

ಸೂರಿಂದ ನೀರು ಬೀಳ್ತಿದೆ, ತೊಟ್... ತೊಟ್...

"ಪ್ಲಾಸ್ಟರು. ಅಪ್ಪ ಸುತ್ತಿದ್ದು."

ಕರೆಂಟ್ ಬಂತು. ಕೈ ಹಿಡಿದಿದ್ದು ಸಡಿಲ ಆಯ್ತು. ರೂಮಲ್ಲಿ ಯಾರೂ ಇಲ್ಲ.

ಉಮೇರ್ ಟೆಸ್ಟರ್ ತಗೊಂಡು ಡಬ್ಬದ ತಗಡಿಗೆ ಮುಟ್ಟಿಸ್ದ. ಟೆಸ್ಟರ್ ದೀಪ ಕೆಂಪಗೆ ಉರೀತು. ಇಡೀ ಡಬ್ಬದಲ್ಲಿ ಕರೆಂಟ್ ಹರೀತಿತ್ತು. ಮುಟ್ಟಿದ್ರೆ ಅಲ್ಲೇ...

ಪ್ಲಗ್ ಕಿತ್ತು, ಉಳಿ ಸುತ್ತಿಗೆ ಹಾಕಿ ಸ್ಕ್ರೂ ಒಡೆದು ಮುಚ್ಚಳ ತೆಗೆದ. ಒಳಗೆ ವೈರನ್ನ ಯಾವಾಗ್ಲೋ ಇಲಿ ಕಡಿದಿದೆ. ಕಡಿದ ಜಾಗದಲ್ಲಿ ಯಾರೋ ನೀಟಾಗಿ ಹೊಸೆದು ಗಂಟು ಹಾಕಿದಾರೆ. ಅದರ ಮೇಲೆ ಕರೆಂಟ್ ಟೇಪ್ ಅಲ್ಲ... ಗಾಯಕ್ಕೆ ಹಾಕ್ತಾರಲ್ಲ, ಬಿಳೀ ಬಟ್ಟೆ ಪ್ಲಾಸ್ಟರು. ಅದನ್ನ ಸುತ್ತಿದಾರೆ. ಒಣ ಹವಾ ಇರೋವರೆಗೂ ಏನಿಲ್ಲ. ಥಂಡಿ ಹಿಡೀತು ಅಂದ್ರೆ ಬಟ್ಟೆ ನೀರು ಕುಡಿಯತ್ತೆ. ಕುಡಿದ ಬಟ್ಟೆ ತಗಡಿಗೆ ಅಂಟ್ಕೊಂಡಿತ್ತು.

ಅರ್ಥ ಆಯ್ತಲ್ಲ? ಆ ಹುಡುಗಿ ಎದೆ ಸುಮ್ಸುಮ್ನೆ ನಿಂತಿದ್ದಲ್ಲ.

ಮಾರನೇ ದಿನ ಬೆಳಗ್ಗೆ ಫಿಜಾ ನನ್ನ ಕರೆದ್ಲು. ಉಮೇರ್ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಕೆಂಪು. ಮಣಿಕಟ್ಟು ತೋರಿಸ್ದ. ನಾಲ್ಕು ಬೆರಳ ಗುರುತು, ಬಿಳಿಚ್ಕೊಂಡು, ನೀರಲ್ಲಿ ತುಂಬ ಹೊತ್ತು ನೆನೆದ ಚರ್ಮದ ಥರ.

"ಏನ್ ಮಾಡ್ಲಿ ಅಕ್ಕ? ಸುಳ್ಳು ಹೇಳಿದ್ರೆ ದೇವರು ಮೆಚ್ಚಲ್ಲ. ನಿಜ ಹೇಳಿದ್ರೆ ಆ ಯಜಮಾನ್ರು ಉಳಿಯಲ್ಲ."

ಫಿಜಾನೇ ಹೇಳಿದ್ಲು. "ಕೈ ಹಿಡಿದು ಉಳಿಸಿದೋಳು ಕೇಳಿದ್ದು ಒಂದೇ ಒಂದು. ಅಷ್ಟೂ ಮಾಡಕ್ಕಾಗಲ್ವಾ?"

ಉಮೇರ್ ಹೊಸ ವೈರ್ ಹಾಕ್ದ. ಆ ಪ್ಲಾಸ್ಟರ್ ತುಂಡನ್ನ ಹಿತ್ತಲಲ್ಲಿ ಸುಟ್ಟ.

ಭಾನುವಾರ ಮೂವರೂ ಗುಬ್ಬಿಗೆ ಹೋದ್ವಿ. ಮೇಷ್ಟ್ರ ಮನೆ ಹಾಲ್‌ನಲ್ಲಿ ಮೇಜು ಹಾಕಿ ಕಾಯ್ತಿದ್ರು. ಮೇಷ್ಟ್ರ ಹೆಂಡ್ತಿ ದಾಕ್ಷಾಯಣಮ್ಮ, ಮಗ, ಸೊಸೆ ನಂದಿತಾ, ಎಲ್ಲ ಇದ್ರು. ಉಮೇರ್ ಕಂಪ್ಯೂಟರ್ ಇಟ್ಟ, ತನ್ನ ಹಳೇ ಟೀವಿ, ಟೇಪ್ ರೆಕಾರ್ಡರು ಸಿಗಿಸ್ದ. ಮೇಷ್ಟ್ರು ಹತ್ರ ಬರ್ಲಿಲ್ಲ. ಬಾಗಿಲ ಪಕ್ಕ ಗೋಡೆ ಹಿಡ್ಕೊಂಡು ನಿಂತಿದ್ರು.

"ಕಾಫಿ ಆಯ್ತೇನೋ ನೋಡು" ಅಂತ ಹೆಂಡ್ತಿನ ಒಳಗೆ ಕಳಿಸಿದ್ರು. ಆಮೇಲೆ ತುಂಬ ಮೆಲ್ಲಗೆ, "ಉಮೇರ್... ಆ ಡಬ್ಬ ಬಿಚ್ಚಿದ್ಯೇನಪ್ಪ?"

"ಬಿಚ್ಚಿದ್ದೆ ಸಾರ್."

"ಒಳಗೆ ವೈರು... ನಾನೇ ಜೋಡಿಸಿದ್ದೆ. ಆಗ ಟೇಪ್ ಸಿಕ್ಕಿರ್ಲಿಲ್ಲ. ಕೈಗೆ ಸಿಕ್ಕಿದ್ದು ಸುತ್ತಿದ್ದೆ..."

ಆಗ ಗೊತ್ತಾಯ್ತು ನೋಡಿ ನನಗೆ. ಆ ಮನುಷ್ಯ ಮೂವತ್ತಾರು ವರ್ಷದಿಂದ ಒಬ್ಬರೇ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರು. ಬಿಚ್ಚಿ ನೋಡೋಕೆ ಧೈರ್ಯ ಬಂದಿರ್ಲಿಲ್ಲ, ಅಷ್ಟೇ.

ಉಮೇರ್ ಅವರ ಮುಖಾನೇ ನೋಡ್ಕೊಂಡು ಹೇಳ್ದ. "ಗಟ್ಟಿಯಾಗಿತ್ತು ಸಾರ್. ನಾನು ಸುತ್ತಿದ್ರೂ ಅಷ್ಟು ಚೆನ್ನಾಗಿ ಸುತ್ತುತಿರ್ಲಿಲ್ಲ. ಹಳೇದಾಯ್ತು ಅಂತ ವೈರ್ ಬದಲಾಯಿಸಿದೆ. ಕೆಟ್ಟಿದ್ದು ಕೆಪಾಸಿಟರು."

ಮೇಷ್ಟ್ರು ಅವನನ್ನೇ ನೋಡ್ತಾ ನಿಂತ್ರು. ಆಮೇಲೆ ಒಂದು ಉಸಿರು ಬಿಟ್ರು... ಇಡೀ ಹಾಲಿಗೆ ಕೇಳಿಸ್ತು ಅದು. ನಡ್ಕೊಂಡು ಬಂದು ಕುರ್ಚೀಲಿ ಕೂತ್ರು.

ಉಮೇರ್ ಕ್ಯಾಸೆಟ್ ಹಾಕ್ದ. ಕೀಂ... ಅಂತ ಒಂದೇ ಸಮನೆ ಸದ್ದು. ಆಮೇಲೆ ಕರ್ರ್... ಕರ್ರ್ರ್... ಬಾಣಲೇಲಿ ಸಾಸಿವೆ ಸಿಡಿದಂಗೆ. ಕ್ಯಾಸೆಟ್ಟಿಂದ ಪ್ರೋಗ್ರಾಮು ಕಂಪ್ಯೂಟರಿಗೆ ಇಳಿಯೋ ಸದ್ದಂತೆ, ನಾಲ್ಕೈದು ನಿಮಿಷ ಅದೇ. ಕೊನೆಗೆ ಟೀವಿ ಮೇಲೆ ಒಂದು ಸಾಲು ಬಂತು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು.

"ಅಪ್ಪ, ಹದಿನೇಳೆಂಟ್ಲ ಎಷ್ಟು?"

ಮೇಷ್ಟ್ರು ಬಾಯಿ ಮೇಲೆ ಕೈ ಇಟ್ಕೊಂಡ್ರು. ಹಳ್ಳಿಹಳ್ಳಿ ಮಕ್ಕಳಿಗೆ ಮಗ್ಗಿ ಹೇಳ್ಕೊಟ್ಟ ಮನುಷ್ಯ. ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ನೂರ ಮೂವತ್ತೈದು ಅಂತ ಒತ್ತಿದ್ರು.

"ತಪ್ಪು ಅಪ್ಪ. ಇನ್ನೊಂದ್ಸಲ."

ನೂರ ನಲವತ್ತು ಒತ್ತಿದ್ರು.

"ತಪ್ಪು ಅಪ್ಪ. ಇನ್ನೊಂದ್ಸಲ."

"ಮಾವ, ನೂರ ಮೂವತ್ತಾರು..." ಅಂತ ನಂದಿತಾ ಮೆಲ್ಲಗೆ ಹೇಳಕ್ಕೆ ಹೋದ್ಲು. ದಾಕ್ಷಾಯಣಮ್ಮ ಕಾಫಿ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು. ಸುಮ್ನಿರು ಅಂತ ಕಣ್ಣಲ್ಲೇ ಸನ್ನೆ ಮಾಡಿದ್ರು. ಮೇಷ್ಟ್ರು ತಪ್ಪು ಒತ್ತಾನೇ ಇದ್ರು. ಅರ್ಧ ಗಂಟೆ. ಅವಳು ತಿದ್ತಾನೇ ಇದ್ಲು. ಮೇಷ್ಟ್ರು ನಗ್ತಿದ್ರು, ಕಣ್ಣಲ್ಲಿ ನೀರು ಸುರೀತಿತ್ತು. ನಾನು ಅಡುಗೆಮನೆಗೆ ಎದ್ದು ಹೋದೆ, ನೋಡೋಕಾಗ್ಲಿಲ್ಲ.

ಆಮೇಲಿಂದ ಉಮೇರ್‌ಗೆ ಏನೂ ಕೇಳಿಸಿಲ್ಲ, ಕಾಣಿಸಿಲ್ಲ. ಫಿಜಾಗೂ ಅಷ್ಟೇ. ಮುಗೀತು ಅನ್ಕೊಂಡಿದ್ವಿ.

ದೀಪಾವಳಿ ಆದ್ಮೇಲೆ ನಾನು ಗುಬ್ಬಿಗೆ ಹೋಗಿದ್ದೆ. ಬಸ್ ತಪ್ಪಿತು, ಮೇಷ್ಟ್ರ ಮನೇಲೇ ಉಳ್ಕೊಂಡೆ. ಉಮೇರ್ ಟೀವಿ, ರೆಕಾರ್ಡರು ಅಲ್ಲೇ ಬಿಟ್ಟು ಬಂದಿದ್ದ. ಊಟ ಆದ್ಮೇಲೆ ಅವರು ಕ್ಯಾಸೆಟ್ ಹಾಕಿದ್ರು, ದಿನಾ ಹಾಕ್ತಾರಂತೆ. ಅದು ಕೊನೆವರೆಗೂ ಓಡಿ ಟಕ್ ಅಂತ ನಿಲ್ತು. ನಂದಿತಾ ಅದನ್ನ ಡಬ್ಬಿಗೆ ಹಾಕಿ ಬೀರೂಲಿಟ್ಟು ಬೀಗ ಹಾಕಿದ್ಲು. ಬೀಗದ ಕೈ ಅವಳ ಸೊಂಟದಲ್ಲಿ. ಅವಳು ಮಲಗಿದ್ದು ನನ್ನ ಪಕ್ಕ.

ಬೆಳಗ್ಗೆ ಐದೂವರೆಗೆ ನಾನೇ ಮೊದಲು ಎದ್ದು ಹಾಲಿಗೆ ಬಂದೆ. ಕ್ಯಾಸೆಟ್ ಮೇಜಿನ ಮೇಲಿತ್ತು. ಟೇಪು ಪೂರ್ತಿ ಹಿಂದಕ್ಕೆ ಸುತ್ತಿ, ಮೊದಲಿಗೆ ಬಂದು ನಿಂತಿತ್ತು. ಸುತ್ತೋಕೆ ತೂರಿಸಿದ ಪೆನ್ಸಿಲ್ಲು ಅದರ ತೂತಲ್ಲೇ ಇತ್ತು.

"ದಿನಾ ಹಿಂಗೇ ಅಕ್ಕ" ಅಂದ್ಲು ನಂದಿತಾ, ಹಿಂದೆ ಬಂದು. "ನಾವು ಕೇಳೋದು ಬಿಟ್ಬಿಟ್ಟಿದೀವಿ."

ಆ ಮನೇಲಿ ಪೆನ್ಸಿಲ್ ಹಿಡಿಯೋ ವಯಸ್ಸಿನ ಮಕ್ಕಳಿಲ್ಲ. ನೀವು ನಂಬಿ, ಬಿಡಿ. ನಾನು ಅದನ್ನ ಈ ಕೈಯಲ್ಲೇ ತೆಗೆದು ನೋಡಿದೀನಿ... ಕೆಂಪು ಕಪ್ಪು ಪಟ್ಟೆ ಪೆನ್ಸಿಲ್ಲು, ತುದಿ ಈಗ್ತಾನೆ ಹೆರೆದಿದ್ದು.